ಗಾಜಿನ ಹಿಂದಿನ ರೊಟ್ಟಿ

ಪಟ್, ಪಟ್, ಪಟಪಟ. ಆಮೇಲೆ ಒಂದು ಉಸಿರಿನಷ್ಟು ನಿಲುಗಡೆ. ಆಮೇಲೆ ಚೊರ್ ಎಂದು ನೀರಿನ ಸದ್ದು. ಜೋಳದ ರೊಟ್ಟಿ ಬಡಿಯುವ ಮನೆಯಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ: ಪಟಪಟ ಅಂದರೆ ಅಂಗೈ ಹಿಟ್ಟಿನ ಮೇಲೆ ಬಿದ್ದದ್ದು, ನಿಲುಗಡೆ ಅಂದರೆ ರೊಟ್ಟಿ ಕೈಯಿಂದ ಹೆಂಚಿಗೆ ಹೋದದ್ದು, ಚೊರ್ ಅಂದರೆ ಹೆಂಚಿನ ಮೇಲಿನ ರೊಟ್ಟಿಗೆ ಒದ್ದೆ ಅರಿವೆಯಿಂದ ನೀರು ಸವರಿದ್ದು. ಮೂಡಲಗಿಯ ತವರಿನಲ್ಲಿ ಈ ಸದ್ದಿಗೇ ನಾನು ಕಣ್ಣು ಬಿಡುತ್ತಿದ್ದೆ. ಮುಂದೆ ಬೆಳಗಾವಿಯ ಕಾನ್ವೆಂಟ್ ಹಾಸ್ಟೆಲ್ಲಿಗೆ ಹಾಕಿದರು. ಅಲ್ಲಿ ಗಂಟೆ ಬಾರಿಸಿ ಎಬ್ಬಿಸಿ ಬ್ರೆಡ್ಡು ಕೊಡುತ್ತಿದ್ದರು. ಬ್ರೆಡ್ಡು ಸದ್ದೇ ಮಾಡದ ತಿನಿಸು. ಅದು ಯಾವಾಗ ಬಂತು, ಯಾವಾಗ ಹೊಟ್ಟೆಗೆ ಹೋಯಿತು, ಎರಡೂ ಗೊತ್ತಾಗುತ್ತಿರಲಿಲ್ಲ.

ಈಗ ನಾನು ಹೇಳಹೊರಟ ಸದ್ದು ಮಾತ್ರ ತವರಿನದಲ್ಲ. ಯಮಕನಮರಡಿ ದಾಟಿದ ಮೇಲೆ ಹೈವೇ ಪಕ್ಕಕ್ಕಿರುವ ಒಂದು ಥೀಮ್ ಪಾರ್ಕಿನದು. ನೀರಿನ ಜಾರುಬಂಡೆ, ಕೃತಕ ಅಲೆ, ಬಾಯಿ ತೆರೆದು ನಿಂತ ಸಿಮೆಂಟಿನ ಡೈನೋಸಾರ್, ಇವೆಲ್ಲದರ ನಡುವೆ ಒಂದು ರೆಸ್ಟೋರೆಂಟ್. ಅಲ್ಲಿಯ ಆ ಪಟಪಟ ನೆನಪಾದರೆ ನನಗೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ. ರೊಟ್ಟಿಯ ಸದ್ದಿಗೆ ಹೆದರುವ ಮುದುಕಿ ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕು ಸೇರಿಸಿದರೂ ನಾನೊಬ್ಬಳೇ ಇರಬೇಕು.

ಹಾಗೆ ನೋಡಿದರೆ ಅಂಜಿಕೆ ನನಗೆ ಹೊಸದಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳಿಗೆ, ಗೋಕಾಕಕ್ಕೆ ಮದುವೆಯಾಗಿ ಬಂದ ಮೇಲೆ ಅತ್ತೆಗೆ, ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವಾಗ ಇನ್‌ಸ್ಪೆಕ್ಟರಿಗೆ, ರಿಟೈರ್ ಆದಮೇಲೆ ಸೊಸೆಗೆ ಅಂಜುತ್ತ ಬಂದವಳು ನಾನು. ಪಾರ್ಕಿನಲ್ಲಿ ನನ್ನ ಡ್ಯೂಟಿ ಎಲ್ಲರ ಒಣಬಟ್ಟೆ ಕಾಯುತ್ತ ಕೂಡುವುದು. ಮೊಮ್ಮಗಳು ಸಾನ್ವಿ ಮೂರಾಳೆತ್ತರದ ಪೈಪಿನೊಳಗಿಂದ ಕಿರುಚುತ್ತ ಜಾರಿ ನೀರಿಗೆ ಬೀಳುವಾಗ ನಾನು ಕಣ್ಣು ಮುಚ್ಚಿ ಹೇಲ್ ಮೇರಿ, ಓಂ ನಮಃ ಶಿವಾಯ ಎರಡನ್ನೂ ಹೇಳುತ್ತಿದ್ದೆ. ಯಾರು ಡ್ಯೂಟಿಯಲ್ಲಿದ್ದಾರೋ ಅವರು ನೋಡಿಕೊಳ್ಳಲಿ ಎಂದು.

ನಮ್ಮ ಕಡೆಯವರು ಬುತ್ತಿ ಇಲ್ಲದೆ ಹೊಸ್ತಿಲು ದಾಟಿದವರಲ್ಲ. ಹಿಂದೆ ಟ್ರಿಪ್ ಅಂದರೆ ಗೋಕಾಕ ಫಾಲ್ಸ್. ಬಂಡೆಯ ಮೇಲೆ ಕೂತು ಬುತ್ತಿ ಬಿಚ್ಚಿದರೆ ಪಕ್ಕದ ಬಂಡೆಯ ಅಪರಿಚಿತರಿಗೂ ಒಂದು ರೊಟ್ಟಿ, ಮೇಲೊಂದು ಹಿಡಿ ಶೇಂಗಾ ಹಿಂಡಿ, ಅಂದರೆ ಖಾರದ ಚಟ್ನಿಪುಡಿ, ಹೋಗುತ್ತಿತ್ತು. ಅವರ ಕಡೆಯಿಂದ ಎರಡು ಹಸಿ ಉಳ್ಳಾಗಡ್ಡಿ ಬರುತ್ತಿತ್ತು. ಪಾರ್ಕಿನ ಗೇಟಿನಲ್ಲಿ ಮಾತ್ರ ಹೊರಗಿನ ತಿನಿಸು ತರುವಂತಿಲ್ಲ ಎಂಬ ಬೋರ್ಡು, ಅದರ ಕೆಳಗೆ ಬ್ಯಾಗು ಹಿಸುಕಿ ನೋಡುವ ವಾಚ್‌ಮನ್. ಒಂದು ಸಲ ನಾನು ಶೇಂಗಾ ಹಿಂಡಿಯನ್ನು ಟಾಲ್ಕಮ್ ಪೌಡರ್ ಡಬ್ಬಿಯಲ್ಲಿ ತುಂಬಿಕೊಂಡು ಹೋದೆ. ಅವನು ಮುಚ್ಚಳ ತೆಗೆದು ಮೂಸಿ, ಸಾವಕಾಶ ಕೇಳಿದ:

"ಆಯಿ, ಈ ಪೌಡರ್ ಹಚ್ಚಿಕೊಂಡ್ರ ಮೈ ಉರಿಯಂಗಿಲ್ಲೇನ್ರಿ?"

ಸುಳ್ಳು ಹೇಳಬಾರದೆಂದು ಕಲಿಸಿದ ಸಿಸ್ಟರ್‌ಗಳೇ ನನಗೆ ಇಂಗ್ಲಿಷನ್ನೂ ಕಲಿಸಿದ್ದರು. "ಇಟ್ ಈಸ್ ಮೆಡಿಸಿನಲ್" ಎಂದೆ. ಡಬ್ಬಿ ಗೇಟಿನಲ್ಲೇ ಉಳಿಯಿತು. ಸಂಜೆ ವಾಪಸು ಕೊಡುವಾಗ ಅದು ಅರ್ಧವಾಗಿತ್ತು. ಔಷಧ ಅವನಿಗೂ ಹಿಡಿಸಿರಬೇಕು.

ಇರಲಿ. ಮೊದಲ ವರ್ಷಗಳಲ್ಲಿ ಒಳಗಿನ ಊಟಕ್ಕೆ ನಾನು ಹೆದರುತ್ತಿರಲಿಲ್ಲ, ಯಾಕೆಂದರೆ ಅಲ್ಲಿ ನೀಲವ್ವ ಇದ್ದಳು. ಯಮಕನಮರಡಿಯ ಹೆಣ್ಣುಮಗಳು, ಐವತ್ತರ ಆಸುಪಾಸು, ಗಂಡ ತೀರಿದ ಮೇಲೆ ಕೆಲಸಕ್ಕೆ ಸೇರಿದವಳು. ಬೇವಿನ ಮರದ ಬುಡದಲ್ಲಿ ಎರಡು ಒಲೆ ಹೂಡಿಕೊಂಡು ರೊಟ್ಟಿ ಬಡಿಯುತ್ತಿದ್ದಳು. ಗೋಕಾಕ ಬಸ್‌ಸ್ಟ್ಯಾಂಡಿನ ಖಾನಾವಳಿಗಿಂತ ನಾಲ್ಕು ದುಡ್ಡು ಹೆಚ್ಚು, ಅಷ್ಟೇ. ತಾಟಿನಲ್ಲಿ ರೊಟ್ಟಿ ಮುಗಿಯುವುದರೊಳಗೆ "ಇನ್ನೊಂದ ಹಾಕಲೇನ್ರಿ ಬಾಯಾರ" ಎಂದು ಕೇಳುತ್ತಿದ್ದಳು. ನಮ್ಮ ಕಡೆ ಟೀಚರಿಗೆ ಬಾಯಾರು ಎನ್ನುತ್ತಾರೆ; ನಾನು ಟೀಚರ್ ಎಂಬುದು ನನ್ನ ಮುಖದ ಮೇಲೇ ಬರೆದಿದೆಯಂತೆ.

ನಮ್ಮ ಸಿಸ್ಟರ್ ಒಬ್ಬರು ಹೇಳಿದ್ದರು: ರೆಸ್ಟೋರೆಂಟ್ ಎಂಬ ಪದದ ಮೂಲದಲ್ಲಿ ದಣಿದವರಿಗೆ ಮತ್ತೆ ಶಕ್ತಿ ತುಂಬುವ ಅರ್ಥವಿದೆಯಂತೆ. ಈಗೀಗ ಅಲ್ಲಿಂದ ಬಿಲ್ಲು ಹಿಡಿದು ಏಳುವಾಗ ಇದ್ದ ಶಕ್ತಿಯೂ ಹೋಗಿರುತ್ತದೆ. ವರ್ಷವರ್ಷಕ್ಕೂ ತಾಟಿನ ರೇಟು ಏರಿತು. ರಜೆ ಬಿಟ್ಟಾಗ ಹಾಸ್ಟೆಲ್ ಹುಡುಗಿಯರು ಒಬ್ಬೊಬ್ಬರೇ ಟ್ರಂಕು ಎತ್ತಿಕೊಂಡು ಹೋಗುವಂತೆ ತಾಟಿನೊಳಗಿನ ಪದಾರ್ಥಗಳು ಹೊರಟುಹೋದವು. ಮೊದಲು ಕೆನೆಮೊಸರು ಹೋಯಿತು. ಆಮೇಲೆ ಹಸಿ ಮೆಂತ್ಯಸೊಪ್ಪು. ಮಜ್ಜಿಗೆ ಸೀಲು ಹಾಕಿದ ಕಪ್ಪಿನೊಳಗೆ ಸೇರಿಕೊಂಡು ಬೇರೆ ದುಡ್ಡು ಕೇಳತೊಡಗಿತು. ಕೊನೆಗೆ ಬೇವಿನ ಮರವೂ ಹೋಯಿತು. ಅಲ್ಲಿ ಸೆಲ್ಫಿಗೆಂದು ಪ್ಲಾಸ್ಟಿಕ್ ಹೂವಿನ ಹೃದಯ ಬಂತು. ನೀಲವ್ವನನ್ನು ರೆಸ್ಟೋರೆಂಟಿನ ಒಳಗೆ ಒಂದು ಗಾಜಿನ ಕೋಣೆಯಲ್ಲಿ ಕೂರಿಸಿ 'ಲೈವ್ ರೊಟ್ಟಿ' ಎಂದು ಬೋರ್ಡು ಹಾಕಿದರು. ಜನ ನಿಂತು ವಿಡಿಯೋ ಮಾಡಿಕೊಳ್ಳುತ್ತಿದ್ದರು. ಅದಕ್ಕಾಗಿ ರೇಟು ಮತ್ತೊಮ್ಮೆ ಏರಿತು. ನಾನು ಗೊಣಗಲಿಲ್ಲ. ಸದ್ದು ಬರುತ್ತಿತ್ತಲ್ಲ, ಸಾಕು ಎಂದುಕೊಂಡೆ.

ಕಳೆದ ಬೇಸಿಗೆಗೆ ಮುಂಚೆ ಸಾನ್ವಿಗೆ ಟೈಫಾಯ್ಡ್ ಆಗಿತ್ತು. ಏಳು ವರ್ಷದ ಮಗು ಒಣಗಿದ ಕಡ್ಡಿಯಾಗಿ ಎದ್ದಿತ್ತು. ರಜೆ ಬಂದೊಡನೆ ಪಾರ್ಕಿಗೆ ಹೊರಟೆವು. ಹುಕ್ಕೇರಿಯಲ್ಲಿ ಮೆಡಿಕಲ್ ಅಂಗಡಿ ಇಟ್ಟಿರುವ ಮಗ ಬರಲಿಲ್ಲ. ಸೊಸೆ ವಿಜಯಾ ಹೊರಡುವಾಗಲೇ ಹೇಳಿದ್ದಳು: "ಅತ್ತೀ, ಕೂಸಿಗೆ ಹೊರಗಿಂದ ಏನೂ ತಿನ್ನಸಬ್ಯಾಡ್ರಿ. ಮತ್ತ ದವಾಖಾನಿ ಆಗತೈತಿ."

"ನೀಲವ್ವನ ಕೈಯಾಗಿಂದು ಹೊರಗಿಂದು ಹೆಂಗ ಆಗತೈತಿ? ನಾ ಅದೀನಿ, ಡೋಂಟ್ ವರಿ" ಎಂದೆ.

ಟೇಬಲ್ಲಿಗೆ ತಾಟು ಬಂತು. ರೊಟ್ಟಿಯ ಅಂಚು ಅಟ್ಟೆಯ ಹಾಗೆ, ನಡುವೆ ರಬ್ಬರಿನ ಹಾಗೆ. ಬದನೆಕಾಯಿ ಎಣ್ಣೆಗಾಯಿಯ ಮೇಲೆ ಕೆಂಪೆಣ್ಣೆ ತೇಲುತ್ತಿತ್ತು. ಅದರಡಿಯಿಂದ ಸಣ್ಣಗೆ ಹುಳಿವಾಸನೆ. ನನ್ನ ಮೂಗಿಗೂ ವಯಸ್ಸಾಯಿತು ಎಂದುಕೊಂಡೆ. "ಕೇಳು ವಿಜಯಾ, ಆ ಸಪ್ಪಳ ಕೇಳು" ಎಂದು ಗಾಜಿನ ಕಡೆ ಕೈತೋರಿಸಿ ಮೆರೆದೆ. ಸಾನ್ವಿ ತುತ್ತು ಮುರಿದು, ಪಲ್ಯ ಹಚ್ಚಿ, ಬಾಯಿಗೆ ಒಯ್ದಳು.

ಅಷ್ಟರಲ್ಲಿ ಪಟಪಟ ನಿಂತಿತು.

ತಲೆ ಎತ್ತಿದೆ. ಗಾಜಿನೊಳಗಿಂದ ನೀಲವ್ವ ಕೂಸನ್ನೇ ನೋಡುತ್ತಿದ್ದಳು. ಅವಳ ಹಿಂದೆ ಮ್ಯಾನೇಜರ್ ಬೆನ್ನು ಮಾಡಿ ಫೋನಿನಲ್ಲಿದ್ದ. ನೀಲವ್ವ ತಲೆಯನ್ನು ಒಂದೇ ಸಲ, ಬೇಡ ಎಂಬಂತೆ, ಅಡ್ಡಡ್ಡ ಆಡಿಸಿದಳು. ಆಮೇಲೆ ಬಡಿದ ರೊಟ್ಟಿಯನ್ನು ಮಡಚಿ, ನಾದಿ, ಉಂಡೆ ಮಾಡಿ, ಅದೇ ಉಂಡೆಯನ್ನು ಮತ್ತೆ ಬಡಿಯತೊಡಗಿದಳು. ಆ ಕೋಣೆಯಲ್ಲಿ ಹೆಂಚೇ ಇರಲಿಲ್ಲ. ಚೊರ್ ಎಂಬ ಸದ್ದು ಎಷ್ಟು ದಿನದಿಂದ ಇರಲಿಲ್ಲವೋ ಯಾರಿಗೆ ಗೊತ್ತು. ರೊಟ್ಟಿಯ ಮನೆಯಲ್ಲಿ ಹುಟ್ಟಿದ ನಾನು ಅರ್ಧ ಸದ್ದು ಕೇಳಿ ಪೂರ್ತಿ ಊಟಕ್ಕೆ ದುಡ್ಡು ಕೊಡುತ್ತ ಬಂದಿದ್ದೆ.

ನನ್ನ ಟೇಬಲ್ ಮ್ಯಾನರ್ಸ್ ಅಂದು ಕೈಕೊಟ್ಟವು. ಸಾನ್ವಿಯ ಕೈಯ ತುತ್ತನ್ನು ಹೊಡೆದು ಕೆಡವಿದೆ, ತಾಟನ್ನೂ ನೂಕಿಬಿಟ್ಟೆ. ಎಲ್ಲರೂ ತಿರುಗಿ ನೋಡಿದರು. "ಕೈ ತಪ್ಪಿತು" ಎಂದೆ. ಮುದುಕಿಯ ಕೈ ಅಲ್ಲವೇ, ಎಲ್ಲರೂ ನಂಬಿದರು.

ಕೈ ತೊಳೆಯುವಲ್ಲಿ ನೀಲವ್ವ ಬಂದು ಪಕ್ಕದಲ್ಲಿ ನಿಂತಳು. ನಲ್ಲಿ ಜೋರಾಗಿ ಬಿಟ್ಟುಕೊಂಡು, ನೀರಿನ ಜೊತೆ ಮಾತಾಡುವವಳಂತೆ ಹೇಳಿದಳು:

"ಬದನಿಕಾಯಿ ಮೊನ್ನಿದ್ರಿ ಬಾಯಾರ. ದಿನಾ ಬಿಸಿ ಮಾಡತಾರ. ರೊಟ್ಟಿ ಡಬ್ಬಿಯೊಳಗ ಬರತಾವು. ನಾ ಬಡಿಯೂದು ಮಂದಿ ನೋಡಾಕ. ಮುಂಜಾನಿ ನಾದಿದ ಹಿಟ್ಟ, ಸಂಜೀತನಾ ಅದ."

"ನಿನ್ನ ಕೈಗೆ ನಾಚಿಕಿ ಆಗಂಗಿಲ್ಲೇನ ನೀಲವ್ವ?"

"ಆಗತೈತ್ರಿ. ಮಗಳ ನರ್ಸಿಂಗ್ ಇನ್ನೂ ಎರಡ ವರ್ಷ ಐತಿ. ಯಾರ ಮುಂದೂ ನನ್ನ ಹೆಸರ ತಗೀಬ್ಯಾಡ್ರಿ. ಇಷ್ಟ ಉಪಕಾರ ಮಾಡ್ರಿ."

ಮಾಡುತ್ತೇನೆ ಎಂದು ಅವಳ ಒದ್ದೆ ಕೈ ಹಿಡಿದು ಮಾತು ಕೊಟ್ಟೆ. ಆದರೆ ಗೋಕಾಕಕ್ಕೆ ಬಂದವಳಿಗೆ ಉಳಿದ ಮಕ್ಕಳ ತಾಟುಗಳು ಕಣ್ಣ ಮುಂದಿಂದ ಹೋಗಲೊಲ್ಲವು. ಮಾರನೆಯ ದಿನ ಪಾರ್ಕಿನ ಮಾಲೀಕರಿಗೆ ಇಂಗ್ಲಿಷಿನಲ್ಲಿ ಪತ್ರ ಬರೆಯಲು ಕೂತೆ. ಕೂಡಿಸಿ ಬರೆಯುವ ಕರ್ಸಿವ್ ಅಕ್ಷರ, ಶಾಯಿ ಪೆನ್ನು, ಎರಡು ಪುಟ. ಕಾನ್ವೆಂಟಿನಲ್ಲಿ ಕಲಿತ ಪದ್ಧತಿ: ದೂರು ಬರೆಯುವಾಗ ಮೊದಲು ಮನಸಾರೆ ಹೊಗಳಬೇಕು, ಓದುವವನು ಹಿಗ್ಗಿದಾಗ ಚುಚ್ಚಬೇಕು. ಮೊದಲ ಪುಟದ ತುಂಬ ಬೇವಿನ ನೆರಳು, ಬಿಸಿ ರೊಟ್ಟಿ, ಮೊದಲ ವರ್ಷಗಳ ಸವಿನೆನಪು ಬರೆದೆ. ಪುಟದ ಕೊನೆಯಲ್ಲಿ 'ಹೌಎವರ್', ಅಂದರೆ 'ಆದರೆ', ಎಂದು ಒಂದು ಪದ, ಒಂದು ಕಾಮಾ. ಎರಡನೆಯ ಪುಟದಲ್ಲಿ ಮೊನ್ನೆಯ ಬದನೆಕಾಯಿ, ಡಬ್ಬಿಯ ರೊಟ್ಟಿ, ಸಂಜೆತನಕ ಬಡಿಸಿಕೊಳ್ಳುವ ಹಿಟ್ಟು. ಅಷ್ಟಕ್ಕೇ ನಿಂತಿದ್ದರೆ ನಡೆಯುತ್ತಿತ್ತು. ಕೈ ಕೇಳಲಿಲ್ಲ. ಇದನ್ನೆಲ್ಲ ನನಗೆ ತಿಳಿಸಿದ ನಿಮ್ಮ ನೀಲವ್ವ ಒಬ್ಬಳೇ ಅಲ್ಲಿ ಪ್ರಾಮಾಣಿಕಳು, ಆಕೆಗೆ ಬಡ್ತಿ ಕೊಡಬೇಕು ಎಂದು ಬರೆದೆ. ಗೌರವಕ್ಕೆಂದು ಅವಳ ಹೆಸರನ್ನು ಕ್ಯಾಪಿಟಲ್ ಅಕ್ಷರಗಳಲ್ಲಿ ಬೇರೆ. ಸ್ಪೀಡ್ ಪೋಸ್ಟ್ ಮಾಡಿ ಬಂದು ವಿಜಯಾಗೆ ಫೋನಿನಲ್ಲಿ ಓದಿ ಹೇಳಿದೆ.

ಅವಳು ಕೇಳಿದಳು: "ಅಲ್ರಿ ಅತ್ತೀ, ನೀವು ಆಕಿನ್ನ ಹೊಗಳೀರೋ, ಹಿಡದ ಕೊಟ್ಟೀರೋ?"

ಚಪ್ಪಲಿ ಮೆಟ್ಟಿಕೊಂಡು ಪೋಸ್ಟಾಫೀಸಿಗೆ ಓಡಿದೆ. "ಹೋದ ಟಪಾಲು ಹೋದಂಗರಿ ಬಾಯಾರ" ಎಂದ ಕ್ಲಾರ್ಕು, ನನ್ನ ಹಳೆಯ ವಿದ್ಯಾರ್ಥಿನಿಯ ಗಂಡ. ನೀಲವ್ವನ ಫೋನ್ ನಂಬರೂ ನನ್ನಲ್ಲಿರಲಿಲ್ಲ. ಮುಂದಿನ ಹದಿನೈದು ದಿನ ನನಗೆ ಅನ್ನ ರುಚಿಸಲಿಲ್ಲ. ನಮ್ಮ ಮನೆಯಲ್ಲಿ ಕೆಲಸದವಳು ರೊಟ್ಟಿ ಬಡಿಯುವಾಗಲೆಲ್ಲ ಎದ್ದು ಹೊರಗೆ ಹೋಗುತ್ತಿದ್ದೆ. ಚಟ್ನಿಯ ಡಬ್ಬಿ ಬಚ್ಚಿಡಲು ಅಷ್ಟು ಬುದ್ಧಿ ಓಡಿಸಿದವಳಿಗೆ ಒಂದು ಹೆಸರು ಬಚ್ಚಿಡಲು ಬರಲಿಲ್ಲ.

ಒಂದು ಸೋಮವಾರ ವಿಜಯಾಳನ್ನು ಕಾಡಿ ಪಾರ್ಕಿಗೆ ಕರೆದುಕೊಂಡು ಹೋದೆ. "ಇವತ್ತ ಪೌಡರ್ ಇಲ್ಲೇನ್ರಿ ಆಯಿ?" ಎಂದ ವಾಚ್‌ಮನ್. ನಗಲಾಗಲಿಲ್ಲ. ಒಳಗೆ ಸ್ಪೀಕರಿನ ಹಾಡು ಅಬ್ಬರಿಸುತ್ತಿತ್ತು. ನಾನು ಡೈನೋಸಾರಿನ ಕಾಲಿಗೆ ಆತುಕೊಂಡು ಕಿವಿಗೊಟ್ಟೆ. ಹಾಡು ಮುಗಿದರೂ ಏನೂ ಕೇಳಿಸಲಿಲ್ಲ. ಇನ್ನೊಂದು ಹಾಡಿಗೆ ಮುಂಚಿನ ಸಣ್ಣ ಬಿಡುವಿನಲ್ಲಿ, ಪಟ್, ಪಟ್.

ಇದ್ದಳು. ಅವಳ ಹಿಂದಿನ ಗೋಡೆಯ ಮೇಲೆ, ಫೋಟೋದ ಹಾಗೆ ಗಾಜಿನ ಕಟ್ಟು ಹಾಕಿದ ನನ್ನ ಪತ್ರವೂ ಇತ್ತು.

ಪತ್ರ ನೋಡುತ್ತ ನಿಂತ ನನ್ನನ್ನು ಕಂಡು ಮ್ಯಾನೇಜರ್ ಟೈ ಸರಿಮಾಡಿಕೊಳ್ಳುತ್ತ ಓಡಿ ಬಂದ. "ಮೇಡಮ್, ಆ ಲೆಟರ್ ನಿಮ್ಮದ ಅಲ್ರಿ? ಏನ್ ಹ್ಯಾಂಡ್‌ರೈಟಿಂಗ್ ಅಂತೀನಿ. ನಮ್ಮ ಸಾಹೇಬ್ರು ನೋಡಿದವರ ಕಟ್ಟು ಹಾಕಸು ಅಂದ್ರು."

"ಪೂರ್ತಿ ಓದಿದ್ರೇನಪ್ಪಾ?"

"ಅಷ್ಟು ಕೂಡಿಸಿ ಬರದಿದ್ದು ನಮಗೆಲ್ಲಿ ಓದಾಕ ಬರತೈತ್ರಿ. ಮ್ಯಾಲಿಂದ ನಾಕ ಸಾಲು ಓದಿದ್ವಿ. ಭಾಳ ಛಲೋ ಬರದೀರಿ."

ಗಾಜಿನ ಮೇಲೆ ಹೊಸ ಬೋರ್ಡು: 'ಹಿರಿಯರು ಮೆಚ್ಚಿದ ಲೈವ್ ರೊಟ್ಟಿ'. ರೇಟು ಮತ್ತೆ ಏರಿತ್ತು. ಬೆಲೆಯೇರಿಕೆಯ ಬಗ್ಗೆ ಊರಿಗೆಲ್ಲ ಉಪನ್ಯಾಸ ಕೊಡುವ ನಾನು ಈ ಸಲ ಅದಕ್ಕೆ ನನ್ನ ಕೈಯಾರೆ ಕಾರಣಳಾಗಿದ್ದೆ. ಆದರೆ ಎರಡನೆಯ ಪುಟ ಎಲ್ಲಿ?

ಕೈ ತೊಳೆಯುವ ನಲ್ಲಿಯ ಹತ್ತಿರವೇ ನೀಲವ್ವ ಹೇಳಿದಳು. "ಮೊದಲ ಹಾಳಿ ಹಿಂದ ಐತ್ರಿ. ಹಳೇ ರೇಟಿನ ಪಟ್ಟಿ ಇತ್ತಲ್ಲ, ಅದರ ಕಟ್ಟಿನ್ಯಾಗ ಹಾಕು ಅಂತ ನನ್ನ ಕೈಯಾಗ ಕೊಟ್ರು. ಎರಡನೇ ಹಾಳಿಯೊಳಗ ನನ್ನ ಹೆಸರ ಕಾಣಿಸ್ತು. ಬ್ಯಾಂಕಿನ್ಯಾಗ ಸಹಿ ಮಾಡಾಕ ಮಗಳು ಇಂಗ್ಲಿಷ್‌ನಾಗ ಅಷ್ಟ ಕಲಿಸ್ಯಾಳ್ರಿ. ಎದಿ ಧಸಕ್ ಅಂತು. ಮ್ಯಾನೇಜರ್ ಬಾಜೂಕ ನಿಂತಿದ್ದ. ಹರಿಯಾಕ ಆಗಲಿಲ್ಲ, ಹಿಂದ ಸೇರಿಸಿಬಿಟ್ನಿ."

"ತಪ್ಪಾತು ನೀಲವ್ವ."

"ನನ್ನ ಹೆಸರ ಯಾಕ ಬರದ್ರಿ, ಬಡ್ತಿ ಗಿಡ್ತಿ ಕೊಡಸಾಕೇನ್ರಿ?" ಎಂದು ಕೇಳಿದಳು. ಹೌದು ಎಂದೆ. ನಲ್ಲಿಗೆ ಮುಖ ಮಾಡಿ ನಕ್ಕಳು.

ಈಗ ತೆಗೆದು ಹರಿದುಬಿಡು ಎಂದರೆ, ಕಟ್ಟಿಗೆ ಹಿಂದಿನಿಂದ ಮೊಳೆ ಬಡಿದಿದ್ದಾರೆ, ಮೇಲೆ ಕ್ಯಾಮರಾ ಇದೆ ಎಂದಳು. ಆಗ ನನ್ನ ಅಂಜಿಕೆಯನ್ನೆಲ್ಲ ಅವಳಿಗೆ ಹೇಳಿದೆ. ಮೊದಲ ಪುಟದ ಕಟ್ಟಕಡೆಯ ಪದ ಕೆಟ್ಟದ್ದು. ಇಂಗ್ಲಿಷ್ ಬಲ್ಲವರು ಅದನ್ನು ಓದಿದರೆ ಮುಂದಿನ ಹಾಳೆ ಎಲ್ಲಿ ಎಂದು ಕೇಳದೆ ಬಿಡುವುದಿಲ್ಲ. ನನ್ನಂಥ ಕಾನ್ವೆಂಟಿನ ಮುದುಕಿ ಇನ್ನೊಬ್ಬಳು ಬಂದರೆ ಮುಗಿಯಿತು. ಅವಳು ಕೇಳಿಸಿಕೊಂಡು ಒಳಗೆ ಹೋದಳು.

ಅಂದು ನಾನು ಊಟಕ್ಕೆ ಕೂತ ನಾಲ್ಕು ತಾಯಂದಿರ ಹತ್ತಿರ ಹೋಗಿ, ಬದನೆಕಾಯಿ ವಾತ, ಮಕ್ಕಳಿಗೆ ಮೊಸರನ್ನ ತಿನ್ನಿಸಿ ಎಂದು ಬಿಟ್ಟಿ ವೈದ್ಯ ಹೇಳಿದೆ. ಇಬ್ಬರು ಕೇಳಿದರು, ಇಬ್ಬರು ಮುಖ ತಿರುಗಿಸಿದರು. ಅಂಜುಬುರುಕಿಯಿಂದ ಅಂದು ಆದದ್ದು ಅಷ್ಟೇ. ಇದನ್ನು ಅಚ್ಚಿಗೆ ಕಳಿಸುವ ಮುಂಚೆ ವಿಜಯಾಗೆ ತೋರಿಸಿದ್ದೇನೆ. ನೀಲವ್ವನ ಹೆಸರು ನೀಲವ್ವ ಅಲ್ಲ. ಅವಳ ಊರೂ ಯಮಕನಮರಡಿ ಅಲ್ಲ, ಮಗಳು ಕಲಿಯುವುದೂ ನರ್ಸಿಂಗ್ ಅಲ್ಲ. ಮತ್ತು ಹೈವೇಯ ಉದ್ದಕ್ಕೂ ಇಂಥ ಪಾರ್ಕುಗಳು ಒಂದಲ್ಲ, ಎರಡಲ್ಲ. ಮಗಳ ಓದಿನ ಆ ಎರಡು ವರ್ಷ ಮುಗಿಯುವತನಕ ಅತ್ತ ಕಾಲಿಡುವುದಿಲ್ಲ ಎಂದುಕೊಂಡಿದ್ದೇನೆ. ಹೋದರೆ ನನ್ನ ಕಣ್ಣು ತಾನಾಗಿ ಆ ಗೋಡೆಗೆ ಹೋಗುತ್ತದೆ; ನನ್ನ ಕಣ್ಣು ಹೋದಲ್ಲಿಗೆ ಮ್ಯಾನೇಜರನ ಕಣ್ಣೂ ಹೋಗಬಹುದು.

ಹೀಗಾಗಿ ಅವಳನ್ನು ಕೊನೆಯ ಸಲ ನೋಡಿದ್ದು ಆ ಸೋಮವಾರವೇ. ಬಾಗಿಲ ಹತ್ತಿರ ತಿರುಗಿ ನೋಡಿದೆ. ಗಾಜಿನ ಮುಂದೆ ಯಾರೋ ಫೋನ್ ಹಿಡಿದು ನಿಂತಿದ್ದರು. ನೀಲವ್ವ ಬಡಿಯುವುದನ್ನು ನಿಲ್ಲಿಸಿ, ಎದ್ದು, ವಾಲಿದ ಕಟ್ಟನ್ನು ನೆಟ್ಟಗೆ ಮಾಡುವವಳಂತೆ ಕೈಯೆತ್ತಿದಳು. ಕಟ್ಟು ವಾಲಿರಲಿಲ್ಲ. ಅವಳ ಹಿಟ್ಟಿನ ಹೆಬ್ಬೆರಳು ಪುಟದ ಕೆಳತುದಿಯ ಬಲಮೂಲೆಯನ್ನು ಒತ್ತಿ ಬಂತು. ಆಮೇಲೆ ಕೂತು ಮತ್ತೆ ಬಡಿಯತೊಡಗಿದಳು. ಕಟ್ಟಿನ ಗಾಜಿನ ಮೇಲೆ, ಸರಿಯಾಗಿ ಆ ಕೊನೆಯ ಪದದ ಮೇಲೆ, ಜೋಳದ ಹಿಟ್ಟಿನ ಒಂದು ಬಿಳಿ ಬೊಟ್ಟು ಒಣಗುತ್ತಿತ್ತು.