ತೂಬು ಮುಚ್ಚಿ ಎಂದವಳು

ಸೆನೆಗಲ್ ನದಿ ಸಮುದ್ರ ಸೇರುವ ಕಡೆ, ಮೌರಿಟಾನಿಯಾದ ದಂಡೆಯ ಒಂದು ಮರಳುದಿಬ್ಬದ ಮೇಲೆ ಸಲ್ಕಾಳ ಮನೆ. ಚಾಪೆ ಹೆಣೆಯುವುದು ಅವಳ ಕಸುಬು. ಅಲ್ಲಿಯ ಚಾಪೆ ಒಬ್ಬಳಿಂದ ಆಗುವಂಥದ್ದಲ್ಲ. ಒಬ್ಬಳು ಎಡದಿಂದ ಹುಲ್ಲನ್ನು ತೊಗಲಿನ ಎಳೆಯಲ್ಲಿ ಬಿಗಿಯುತ್ತಾ ಬರಬೇಕು, ಇನ್ನೊಬ್ಬಳು ಬಲದಿಂದ. ನಡುವೆ ಕೈಗೆ ಕೈ ತಾಗಬೇಕು.

ಸಲ್ಕಾಳ ಬಲಗಡೆ ಕೂರುತ್ತಿದ್ದವಳು ಅವಳ ಚಿಕ್ಕಪ್ಪನ ಮಗಳು ತೆಕ್ಬರ್. ಕೈ ಎಷ್ಟು ಚುರುಕೋ ಬಾಯಿ ಅದಕ್ಕಿಂತ ಚುರುಕು. ಗಂಡ ಬಿಟ್ಟಾಗೆಲ್ಲ ಅಲ್ಲಿಯ ರೂಢಿಯಂತೆ ಕೈಗೆ ಗೋರಂಟಿ ಹಚ್ಚಿಕೊಂಡು, ನಗುತ್ತಲೇ ಬಂದು ಚಾಪೆಗೆ ಕೂರುತ್ತಿದ್ದಳು.

"ಗಂಡಂದಿರು ಬರ್ತಾರೆ, ಹೋಗ್ತಾರೆ ಕಣೇ. ಎಡಗಡೆಯವಳು ಮಾತ್ರ ನೀನೊಬ್ಬಳೇ," ಎನ್ನುತ್ತಿದ್ದಳು.

ಆಮೇಲೆ ನದಿಗೆ ಅಣೆಕಟ್ಟು ಬಂತು, ದಂಡೆಗುಂಟ ಮಣ್ಣಿನ ಏರಿ ಬಂತು. ಮಳೆಗಾಲಕ್ಕೆ ಬಯಲೆಲ್ಲ ಹರಡುತ್ತಿದ್ದ ನೀರು ಏರಿಯ ಆಚೆಯೇ ನಿಂತುಬಿಟ್ಟಿತು. ಈಚೆಯ ನೆಲ ಉಪ್ಪು ಕಕ್ಕಿತು. ಮೀನು ಹೋಯಿತು, ಹಕ್ಕಿ ಹೋಯಿತು, ಚಾಪೆಯ ಹುಲ್ಲಂತೂ ಬುಡಸಮೇತ ಸುಟ್ಟುಹೋಯಿತು. ತೆಕ್ಬರ್ ರಾಜಧಾನಿ ನುವಾಕ್ಷೋತಿಗೆ ಹೋಗಿ ಮೀನುಪೇಟೆಯ ಪಕ್ಕದಲ್ಲಿ ಚಹಾ ಮಾರತೊಡಗಿದಳು. ಗಾಡಿ ಹತ್ತುವಾಗ ಒಂದೇ ಮಾತು ಹೇಳಿದ್ದಳು: "ಹುಲ್ಲು ಎದ್ದರೆ ಹೇಳಿಕಳಿಸು, ಬರ್ತೀನಿ. ಅಲ್ಲೀವರೆಗೂ ನನ್ನ ಜಾಗದಲ್ಲಿ ಯಾರನ್ನಾದ್ರೂ ಕೂರಿಸ್ದೆಯೋ, ನೋಡ್ಕೋತೀನಿ!"

ಸಲ್ಕಾ ಯಾರನ್ನೂ ಕೂರಿಸಲಿಲ್ಲ. ಕೂರಿಸಲು ಹುಲ್ಲಾದರೂ ಎಲ್ಲಿತ್ತು? ಸಂಜೆಯಾದರೆ ದಿಬ್ಬದ ತುದಿಗೆ ಹೋಗಿ ಬಿಳಿಚಿಕೊಂಡ ಬಯಲನ್ನು ನೋಡುವಳು. ನೀರಿದ್ದ ಕಾಲವನ್ನು ನೆನೆಯುವಳು. ನೆನೆದಷ್ಟೂ ಆ ನೀರು ಇನ್ನಷ್ಟು ಅಗಲವಾಗುತ್ತಿತ್ತು.

ಹೀಗೇ ವರ್ಷಗಳು ಕಳೆದ ಮೇಲೆ ಒಂದು ದಿನ ಸರ್ಕಾರದ ಕಡೆಯಿಂದ ಸಿದಾತಿ ಎಂಬ ಅಧಿಕಾರಿ ಬಂದ. ಏರಿಗೆ ತೂಬು ಇಟ್ಟಿದ್ದೇವೆ, ಮಳೆಗಾಲದಲ್ಲಿ ಅದನ್ನೆತ್ತಿ ಬಯಲಿಗೆ ನೀರು ಬಿಡುತ್ತೇವೆ ಎಂದ. ಗುಡಾರದಲ್ಲಿ ಊರವರನ್ನು ಸೇರಿಸಿ, ಮೊದಲ ಸುತ್ತಿನ ಚಹಾ ಆಗುತ್ತಿದ್ದಂತೆ ಕೇಳಿದ: "ಹಿಂದೆ ನೀರು ಎಲ್ಲೀವರೆಗೆ, ಎಷ್ಟು ದಿನ ನಿಲ್ತಿತ್ತು?"

"ಚಳಿಗಾಳಿ ಬೀಸೋವರೆಗೂ," ಎಂದಳು ಸಲ್ಕಾ, ಯಾರೂ ಬಾಯಿ ತೆರೆಯುವ ಮುಂಚೆ. "ನಾವು ಚಾಪೆ ಹೆಣೀತಿದ್ದ ಗುಡಾರದ ಹಗ್ಗದ ಬುಡದಲ್ಲಿ ನೀರು. ನಾನೂ ತೆಕ್ಬರೂ ಕೂತಲ್ಲೇ ಕಾಲು ತೊಳ್ಕೋತಿದ್ವಿ."

ದನಗಾಹಿ ಮೌಲೂದ್ ಗಹಗಹಿಸಿ ನಕ್ಕ. "ಅಷ್ಟು ದಿನ ನಿಂತಿದ್ರೆ ನನ್ನ ಹಸುಗಳು ಈಜು ಕಲೀಬೇಕಿತ್ತು! ನಿನ್ನ ನೆನಪಿಗೆ ದಡಾನೇ ಇಲ್ವಲ್ಲೇ, ತಾಯಿ."

"ಹಸುಗಳಾದ್ರೂ ಕಲೀತಿದ್ವು. ಯಜಮಾನನಿಗೆ ಆ ಬುದ್ಧಿಯೂ ಇಲ್ಲ."

ಹೆಂಗಸರೆಲ್ಲ ನಕ್ಕು ಸಲ್ಕಾಳ ಪಕ್ಷ ಹಿಡಿದರು. ಮೀನುಗಾರರಿಗಂತೂ ನೀರು ಎಷ್ಟಿದ್ದರೂ ಬೇಕು. ಸರಿ, ಈ ವರ್ಷ ಹಾಗೇ ಬಿಟ್ಟು ನೋಡೋಣ ಎಂದ ಸಿದಾತಿ.

ನೀರು ಬಂತು. ಮೊದಲ ದಿನ ಸಲ್ಕಾ ಮಂಡಿಯುದ್ದ ನೀರಿಗಿಳಿದು, ಮೈಗೆ ಸುತ್ತಿದ ಮೆಲಹ್ಫದ ಸೆರಗು ತೇಲುತ್ತಿದ್ದರೂ ಎತ್ತಿಕೊಳ್ಳದೆ ನಿಂತಿದ್ದಳು. ಚಳಿಗಾಳಿ ಬೀಸಿದರೂ ನೀರು ಇಳಿಯಲಿಲ್ಲ. ಕೊನೆಗೆ ಇಳಿದಾಗ ನೋಡಿದರೆ ಹುಲ್ಲಿನ ಮೊಳಕೆಗಳು ಕೊಳೆತು ಕಪ್ಪಾಗಿದ್ದವು. ಬಯಲಿನ ನಡುವೆ ಆಳೆತ್ತರದ ಜೊಂಡು, ಹಸುವೂ ಮೂಸದ ಜೊಂಡು, ಗೋಡೆಯಂತೆ ಎದ್ದಿತ್ತು. ಅಂಚಿನಲ್ಲಷ್ಟೇ ನಾಲ್ಕು ಎಸಳು ಚಾಪೆಹುಲ್ಲು.

ಆ ನಾಲ್ಕು ಎಸಳನ್ನೇ ಕೀಳಲು ಕೈ ಹಾಕಿದಳು. ಚಳಿಗೆ ಒಡೆದ ಬೆರಳಿಗೆ ಹುಲ್ಲಿನ ಅಲಗು ಹೊಕ್ಕಿತು. ಆ ಉರಿ ಅವಳಿಗೆ ಗುರುತಿನದು. ತೆಕ್ಬರ್ ಹೀಗೇ ಬೆರಳು ಕೊಯ್ದುಕೊಂಡು, ಚೀಪುತ್ತಾ, ಹುಲ್ಲಿನ ವಂಶವನ್ನೆಲ್ಲ ಬೈಯುತ್ತಿದ್ದಳು. ಸಲ್ಕಾ ಅವಳ ಬೆರಳಿಗೆ ಬೆಣ್ಣೆ ಸವರುತ್ತಿದ್ದಳು. ಚಳಿಗಾಲದಲ್ಲಿ. ಒಣನೆಲದ ಮೇಲೆ ಕೂತು.

ಹಾಗಾದರೆ ಚಳಿಯ ಹೊತ್ತಿಗೆ ನೀರು ಇಳಿದಿರುತ್ತಿತ್ತು. ಹಗ್ಗದ ಬುಡಕ್ಕೆ ನೀರು ಬಂದಿದ್ದು ಒಂದೇ ವರ್ಷ, ಅವರಿಬ್ಬರೂ ಮೊದಲ ಬಾರಿ ಒಂದೇ ಚಾಪೆಗೆ ಕೂತ ವರ್ಷ. ಆ ಒಂದನ್ನೇ ಅವಳು ಎಲ್ಲ ವರ್ಷಗಳ ಮೇಲೂ ಹರಡಿಕೊಂಡಿದ್ದಳು.

ಮರುವರ್ಷ ಗುಡಾರದಲ್ಲಿ ಚಹಾ ಕುದಿಯುವ ಮುಂಚೆಯೇ ಎದ್ದು ನಿಂತಳು. "ನನ್ನ ಲೆಕ್ಕ ತಪ್ಪಿತ್ತು. ಹುಲ್ಲು ತಲೆಯೆತ್ತೋ ಹೊತ್ತಿಗೆ ತೂಬು ಮುಚ್ಚಿಬಿಡಿ. ಚಳಿವರೆಗೂ ಬೇಡ."

"ಏನೇ ಸಲ್ಕಾ, ನೀರು ನೀರು ಅಂತ ಪ್ರಾಣ ಬಿಡ್ತಿದ್ದವಳು ನೀನೇ ಅಲ್ವಾ?" ಪಕ್ಕದವಳು ಸೆರಗು ಜಗ್ಗಿದಳು.

ಮೌಲೂದ್ ಗಡ್ಡ ತುರಿಸಿಕೊಂಡ. "ಈ ಸಲ ದಡ ಸಿಕ್ತಾ?"

"ಸಿಕ್ತು. ಎಡವಿ ಬಿದ್ದ ಮೇಲೆ ಸಿಕ್ತು."

ತೂಬು ಇಳಿಸುವ ದಿನ ಅವಳು ಏರಿಯ ಮೇಲೆ ಹೋಗಿ ಕೂತಳು. ನೀರಿನ ಸದ್ದು ಸಣ್ಣದಾಗುತ್ತಾ ಹೋಗಿ, ಒಂದು ಗುಟುಕಿನಷ್ಟಾಗಿ, ನಿಂತಿತು. ಅಷ್ಟು ವರ್ಷ ಕಾದಿದ್ದು ಆ ಸದ್ದಿಗೇ. ಎದ್ದು ಮನೆಗೆ ಬಂದವಳು ಅಂದು ಊಟ ಮಾಡಲಿಲ್ಲ.

ಚಳಿಗಾಲಕ್ಕೆ ಬಯಲಲ್ಲಿ ಹುಲ್ಲು ನಿಂತಿತ್ತು. ಹಿಂದಿನಷ್ಟಲ್ಲ, ಅಲ್ಲಲ್ಲಿ, ಆದರೆ ಗಟ್ಟಿ ಹುಲ್ಲು. ಗಾಡಿಯವ ಯೆಸ್ಲೆಮ್‌ನ ಕೈಯಲ್ಲಿ ತೆಕ್ಬರಿಗೆ ಹೇಳಿಕಳಿಸಿದಳು. ಅವನು ನುವಾಕ್ಷೋತಿನಿಂದ ತಿರುಗಿ ಬಂದಾಗ, ಇಂಜಿನ್ ನಿಲ್ಲುವ ಮೊದಲೇ ಕಿಟಕಿಯ ಹತ್ತಿರ ನಿಂತಿದ್ದಳು.

"ಏನಂದ್ಲು?"

"ಅತ್ತೆ, ಅವಳಿಗೆ ಮಂಡಿ ನೋವು. ಈಗ ಅಂಗಡಿ ಚೆನ್ನಾಗಿ ನಡೀತಿದೆ. ಒಂದೇ ಮಾತು ಕೇಳ್ಕೊಂಡು ಬಾ ಅಂದ್ಲು. ನೀರು ಮೊದಲಿನ ಹಾಗೇ ಇದೆಯಾ, ಗುಡಾರದ ಹಗ್ಗದವರೆಗೂ? ಹಾಗಿದ್ರೆ ಎಲ್ಲ ಬಿಟ್ಟು ಬರ್ತಾಳಂತೆ."

ಸಲ್ಕಾ ತಿರುಗಿ ಬಯಲಿನ ಕಡೆ ನೋಡಿದಳು. ಹೂಂ ಅಂದರೆ ಸಾಕಿತ್ತು. ಯೆಸ್ಲೆಮ್ ಕಾದ, ಹಾರ್ನ್ ಒತ್ತಿದ.

"ಇಲ್ಲ ಅಂತ ಹೇಳು," ಎಂದಳು. "ಹುಲ್ಲಿಗೆ ಸಾಕಾಗುವಷ್ಟಿದೆ, ಹಗ್ಗದವರೆಗೂ ಇಲ್ಲ."

"ಅಷ್ಟೇನಾ? ಹಾಗಂದ್ರೆ ಅವಳು ಬರ್ತಾಳಾ, ಅತ್ತೆ?"

"ನಿಂಗ್ಯಾಕಯ್ಯ, ನೀನು ಹೇಳು." ಒಂದು ಕಟ್ಟು ಹುಲ್ಲು ತಂದು ಕಿಟಕಿಯೊಳಗೆ ತುರುಕಿದಳು. "ಇದನ್ನ ಅವಳ ಕೈಗೇ ಕೊಡು. ಗಾಡಿ ಮೇಲೆ ಕಟ್ಟಬೇಡ, ಬಿಸಿಲಿಗೆ ಮುರಿಯುತ್ತೆ. ತೊಡೆ ಮೇಲಿಟ್ಕೋ."