ಡಿಟ್ಟೋ ಒರಿಜಿನಲ್

ತಂಗಿ ಶೈಲಾಳ ಬೈಕಿಗೆ ನಾನು ಒರಿಜಿನಲ್ ಬ್ರೇಕ್ ಶೂ ಹಾಕಿಸಲಿಲ್ಲ. ಹಾಕಿಸಿದ್ದೇನೆ ಎಂದು ಹೇಳಿದೆ. ಈ ಎರಡರಲ್ಲಿ ದೊಡ್ಡ ತಪ್ಪು ಯಾವುದೆಂದು ನೀವೇ ಹೇಳಬೇಕು. ಎಂಟನೇ ಕ್ಲಾಸಿಗೇ ಸ್ಕೂಲಿಗೆ ಕೈಮುಗಿದವನು ನಾನು, ಇಂಥ ಲೆಕ್ಕ ನನಗೆ ಬಗೆಹರಿಯುವುದಿಲ್ಲ.

ಇವತ್ತು ಬೆಳಿಗ್ಗೆ ಅಂಗಡಿಯಲ್ಲಿ ರಬ್ಬರ್ ಬ್ಯಾಂಡ್ ಹುಡುಕುವಾಗ ಆ ಬ್ರೇಕ್ ಶೂ ಬಂದಿದ್ದ ಡಬ್ಬ ಕೈಗೆ ಸಿಕ್ಕಿತು. ಮುಚ್ಚಳದ ಮೇಲಿನ ಬೆಳ್ಳಿ ಬಣ್ಣದ ಸ್ಟಿಕ್ಕರ್ ಇನ್ನೂ ಹೊಳೆಯುತ್ತಿತ್ತು. ಅದೇ ಹೊತ್ತಿಗೆ ಶೈಲಾಳ ಫೋನ್. "ಅಣ್ಣ, ಸಂಜೆ ಬೈಕ್ ನೋಡೋಕೆ ಯಾರೋ ಬರ್ತಾರಂತೆ. ನೀನೂ ಬಾ. ಮಾರಿಬಿಡೋಣ."

ನನ್ನದು ಶ್ರೀನಗರದಲ್ಲಿ ಬೆಣ್ಣೆ, ತುಪ್ಪದ ಅಂಗಡಿ. ಬಂದವರ ಅಂಗೈಗೆ ಒಂದು ಹನಿ ತುಪ್ಪ ಹಾಕಿ, "ಉಜ್ಜಿ ಮೂಸಿ ನೋಡಿ ಮೇಡಂ. ಮಾರ್ಕೆಟ್ ತುಂಬಾ ಡೂಪ್ಲಿಕೇಟು. ಚಿಲ್ಲರೆ ಉಳಿಸೋಕೆ ಹೋಗಿ ಮನೆಯವರ ಹೊಟ್ಟೆ ಕೆಡಿಸ್ಬೇಡಿ" ಎನ್ನುತ್ತೇನೆ. ಈ ಭಾಷಣ ಎಷ್ಟು ಚೆನ್ನಾಗಿದೆಯೆಂದರೆ, ಕೆಲವು ಸಲ ನಾನೇ ಒಂದು ಬಾಟಲಿ ಕೊಂಡುಬಿಡೋಣ ಅನ್ನಿಸುತ್ತದೆ.

ಇಂಥವನಿಗೆ ಕೆಲವು ತಿಂಗಳ ಹಿಂದೆ ಶೈಲಾ ಹೇಳಿದ್ದು ಇಷ್ಟೇ: "ಹಿಂದಿನ ಬ್ರೇಕ್ ಹಿಡೀತಿಲ್ಲ ಅಣ್ಣ. ನಿಂಗೆ ಗೊತ್ತಿರೋ ಕಡೆ ಹಾಕ್ಸು. ಆದ್ರೆ ಒರಿಜಿನಲ್ಲೇ ಹಾಕ್ಸು."

ಬನಶಂಕರಿ ಬಸ್ ನಿಲ್ದಾಣದ ಹತ್ತಿರ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದೆ.

"ಒರಿಜಿನಲ್ ಕೊಡ್ಲಾ ಸಾರ್, ಡಿಟ್ಟೋ ಒರಿಜಿನಲ್ ಕೊಡ್ಲಾ?" ಎಂದ ಅಂಗಡಿಯವನು.

"ಏನು ವ್ಯತ್ಯಾಸ?"

"ರೇಟು ಸಾರ್. ಅದೇ ಫ್ಯಾಕ್ಟ್ರೀದೇ. ಇದು ಹಿಂಬಾಗಿಲಿಂದ ಬರುತ್ತೆ."

ತುಪ್ಪದ ವ್ಯಾಪಾರದಲ್ಲಿ ಯಾರಾದರೂ ಹೀಗೆ ಹಿಂಬಾಗಿಲು ತೋರಿಸಿದ್ದರೆ ಮುಖಕ್ಕೇ ನಕ್ಕುಬಿಡುತ್ತಿದ್ದೆ. ಬ್ರೇಕಿನ ವಿಷಯದಲ್ಲಿ ತಲೆಯಾಡಿಸಿದೆ. ದುಡ್ಡಿಗೆ ತೊಂದರೆಯಿತ್ತು ಅಂದುಕೊಳ್ಳಬೇಡಿ. ತಾತನ ರಾಗಿ ಹೊಲ ಲೇಔಟ್ ಆದಮೇಲೆ ಬಾಡಿಗೆ ಬರುತ್ತದೆ, ಊಟಕ್ಕೇನೂ ಕೊರತೆಯಿಲ್ಲ. ನಾಲ್ಕು ಜನ ಮೋಸಹೋಗುವ ಕಡೆ ನಾನು ಉಳಿಸಿಕೊಂಡು ಬಂದೆ ಅನ್ನುವುದಿದೆಯಲ್ಲ, ಆ ಖುಷಿಗಾಗಿ. "ಮನೇಲಿ ಕೇಳಿದ್ರೆ ಇರ್ಲಿ" ಎಂದು ಅವನು ಖಾಲಿ ಒರಿಜಿನಲ್ ಡಬ್ಬವೊಂದಕ್ಕೆ ಅದನ್ನು ಹಾಕಿಕೊಟ್ಟ. ಮನೆಯಲ್ಲಿ ಕೇಳುತ್ತಾರೆಂದು ಅವನಿಗೆ ಹೇಗೆ ಗೊತ್ತಾಯಿತೋ. ನನ್ನಂಥ ಬುದ್ಧಿವಂತರು ಜಯನಗರ, ಜೆಪಿ ನಗರದಲ್ಲೂ ಇರಬೇಕು. ಹೊರಗೆ ಹೊಳೆಯುವ ಸ್ಟಿಕ್ಕರ್, ಒಳಗೆ ಡಿಟ್ಟೋ. ಶೈಲಾಗೆ ಡಬ್ಬ ತೋರಿಸಿದೆ. ಅವಳು ಮುಚ್ಚಳ ಕೂಡ ತೆಗೆಯಲಿಲ್ಲ, ನಂಬಿದಳು.

ಸ್ವಲ್ಪ ದಿನಕ್ಕೆ ಹನುಮಂತನಗರದ ಇಳಿಜಾರಿನಲ್ಲಿ ಬೈಕ್ ನಿಲ್ಲಲಿಲ್ಲ. ಸೌತೆಕಾಯಿ ತಳ್ಳುಗಾಡಿಗೆ ಗುದ್ದಿ ಬಿದ್ದು ಅವಳ ಮಣಿಕಟ್ಟು ಮುರಿಯಿತು.

"ನಾನು ಬ್ರೇಕ್ ಒತ್ತಿದ್ದೆ" ಎಂದು ಆಸ್ಪತ್ರೆಯಲ್ಲಿ ಅವಳು ಹೇಳುತ್ತಲೇ ಇದ್ದಳು.

"ಹುಡುಗೀರಿಗೆ ಬೈಕ್ ಯಾಕೆ ಅಂತ ಅವತ್ತೇ ಬಡ್ಕೊಂಡೆ" ಎಂದರು ಅಮ್ಮ.

ನಾನು ಬಾಯಿ ಮುಚ್ಚಿಕೊಂಡಿದ್ದರೂ ಆಗುತ್ತಿತ್ತು. "ಬ್ರೇಕ್ ಹೊಸದು ಕಣಮ್ಮ, ನಾನೇ ಹಾಕ್ಸಿದ್ದು. ಗಾಬರೀಲಿ ಇವಳು ಕಾಲು ಎಲ್ಲಿಟ್ಟಳೋ" ಎಂದೆ.

ಮಾರನೆಯ ದಿನ ಮೆಕ್ಯಾನಿಕ್ ಚಕ್ರ ಬಿಚ್ಚಿದ. ಬ್ರೇಕ್ ಶೂ ಮೇಲಿನ ಲೈನಿಂಗ್ ಕಾವಲಿಯಿಂದ ಎದ್ದ ದೋಸೆಯ ಹಾಗೆ ಕಿತ್ತುಬಂದಿತ್ತು.

"ಯಾವ ಪುಣ್ಯಾತ್ಮ ಅಣ್ಣ ಇದನ್ನ ಹಾಕ್ಸಿದ್ದು?"

"ಗೊತ್ತಿಲ್ಲ ಗುರು. ಒರಿಜಿನಲ್ ಹಾಕು" ಎಂದೆ.

ಕೈ ಕೂಡಿತು, ಆದರೆ ಶೈಲಾ ಬೈಕ್ ಮುಟ್ಟಲಿಲ್ಲ. ಜೆಪಿ ನಗರದ ಲ್ಯಾಬಿನ ಕೆಲಸಕ್ಕೆ ಬಸ್ಸು ಬದಲಾಯಿಸಿಕೊಂಡು ಹೋಗತೊಡಗಿದಳು. ಒಂದು ದಿನ ಊಟಕ್ಕೆ ಕೂತಾಗ, "ಅವತ್ತು ಬ್ರೇಕ್ ಒತ್ತಿದ್ನೋ ಇಲ್ವೋ, ಈಗ ನಂಗೇ ಗೊತ್ತಾಗ್ತಿಲ್ಲ" ಎಂದಳು. ನಾನು ಸಾರಿಗೆ ತುಪ್ಪ ಬಡಿಸಿಕೊಂಡೆ. ಅಸಲಿ ತುಪ್ಪ.

ಇವತ್ತು ಸಂಜೆ ಬೈಕ್ ನೋಡಲು ಬಿಟಿಎಂ ಲೇಔಟ್‌ನಿಂದ ಒಬ್ಬರು ಬಂದರು. ಬೈಕನ್ನು ಸುತ್ತು ಹಾಕಿ ನೋಡಿ, "ಪಾರ್ಟ್ಸ್ ಎಲ್ಲಾ ಒರಿಜಿನಲ್ಲಾ ಸಾರ್?" ಎಂದು ಕೇಳಿದರು.

"ಈಗ ಎಲ್ಲಾ ಒರಿಜಿನಲ್ಲೇ" ಎಂದೆ. ಅದು ಅಪ್ಪಟ ನಿಜ. ಬಹಳ ದಿನಗಳ ಮೇಲೆ ನಿಜ ಹೇಳಿ ಸಿಕ್ಕಿಬಿದ್ದೆ.

ಸೀಟು ಒರೆಸುತ್ತಿದ್ದ ಶೈಲಾಳ ಕೈ ನಿಂತಿತು. "ಈಗ ಅಂದ್ರೆ?"

ಏನಾದರೂ ಹೇಳಿ ಜಾರಿಕೊಳ್ಳಬಹುದಿತ್ತು, ನನಗೆ ಅಭ್ಯಾಸವಿದೆ. ಅವಳು ಬಟ್ಟೆ ಹಿಡಿದ ಕೈಯನ್ನು ನೋಡಿದೆ. ಮಣಿಕಟ್ಟು ಸ್ವಲ್ಪ ಸೊಟ್ಟಗೇ ಕೂಡಿದೆ. ಅಂಗಡಿ, ಡಬ್ಬ, ದೋಸೆಯಂಥ ಲೈನಿಂಗ್, ಎಲ್ಲ ಹೇಳಿದೆ. ಅಮ್ಮ ಬಾಗಿಲಲ್ಲೇ ನಿಂತಿದ್ದರು.

"ಹಾಗಾದ್ರೆ ರೇಟು ಕಮ್ಮಿ ಮಾಡ್ತೀರಾ ಸಾರ್?" ಎಂದರು ಬಂದವರು. ಯಾರೂ ಅವರ ಕಡೆ ನೋಡಲಿಲ್ಲ.

"ಅಂದ್ರೆ ನಾನು ಬ್ರೇಕ್ ಒತ್ತಿದ್ದೆ" ಎಂದಳು ಶೈಲಾ, ಮೆಲ್ಲಗೆ.

"ಒತ್ತಿದ್ದೆ ಕಣೆ ನೀನು, ಸರಿಯಾಗೇ ಒತ್ತಿದ್ದೆ. ನಾನು ಹಾಕ್ಸಿದ್ದು ಹಿಡೀಲಿಲ್ಲ. ಗೊತ್ತಿದ್ದೂ ಅಮ್ಮನ ಮುಂದೆ ನಿನ್ನ ಮೇಲೆ ಹಾಕ್ದೆ. ತಪ್ಪಾಯ್ತು ಶೈಲಾ."