ಕಟ್ಟೆಯ ಮೇಲೆ ವಾಪಸ್ ಇಟ್ಟ ಐದು ತಾವರೆ

ದೇವರಿಗೆಂದು ಒಯ್ದ ಹೂವನ್ನು ಯಾರಾದರೂ ಅರ್ಧ ದಾರಿಯಲ್ಲಿ ವಾಪಸ್ ಕೊಟ್ಟದ್ದನ್ನು ನೀವು ನೋಡಿದ್ದೀರಾ? ನಾನು ನೋಡಿದೆ. ಎರಡು ವಾರದ ಹಿಂದೆ, ಶ್ರಾವಣದ ಸೋಮವಾರ ಬೆಳಿಗ್ಗೆ, ನಮ್ಮದೇ ಹಿತ್ತಲಿನಲ್ಲಿ.

ಪಕ್ಕದ ಮನೆಯ ಅಂಬಕ್ಕ ನಮ್ಮ ಹೊಂಡದ ಐದು ತಾವರೆ ತಟ್ಟೆಯಲ್ಲಿಟ್ಟುಕೊಂಡು ಹೊರಟಿದ್ದರು. ಹೋಗುತ್ತ ಹೊಂಡದ ಕಡೆ ನೋಡಿದರು. ನಿಂತರು. ಹೂವನ್ನು ಒಂದೊಂದಾಗಿ ತೆಗೆದು ಕಟ್ಟೆಯ ಮೇಲಿಟ್ಟರು. ಖಾಲಿ ತಟ್ಟೆಯನ್ನು ಸೆರಗಿನಿಂದ ಒರೆಸಿಕೊಂಡರು. (ಹೂ ಇಟ್ಟದ್ದನ್ನು ಮರೆತೇನು, ಆ ಒರೆಸಿದ್ದನ್ನು ಮರೆಯಲಾರೆ.)

"ಇರ್ಲಿ ಬಿಡ್ರಿ ಅಕ್ಕೋರ, ಇವು ದೇವರಿಗೆ ನಡಿಯೂದಿಲ್ಲ," ಅಂದರು.

ಹೊಂಡದಲ್ಲಿ ಏನಿತ್ತು? ಹಾವೆ? ಸತ್ತ ಇಲಿಯೆ? ಏನೂ ಇಲ್ಲ. ಯಮನಪ್ಪ ಇದ್ದರು. ಸೊಂಟದ ಮಟ ನೀರಿನಲ್ಲಿ ನಿಂತು, ಮಿತಿಮೀರಿ ಬೆಳೆದ ತಾವರೆಯ ಬೇರು ಕೊಯ್ದು ಹೊರಗೆ ಹಾಕುತ್ತಿದ್ದರು.

ಈ ಹೊಂಡದ ಕಥೆ ಹೇಳದಿದ್ದರೆ ನನ್ನ ಸಿಟ್ಟು ನಿಮಗೆ ತಿಳಿಯುವುದಿಲ್ಲ. ನಾನು ಅಣ್ಣಿಗೇರಿಯಲ್ಲಿ ಸಾಲಿ ಕಲಿಸುವವಳು. ನಮ್ಮವರು ಸ್ಟೇಷನ್ನಿನಲ್ಲಿ ಗೂಡ್ಸ್ ಗುಮಾಸ್ತರು. ಎರಡೂವರೆ ವರ್ಷದ ಹಿಂದೆ ಪುಣೆಗೆ ಮದುವೆಗೆಂದು ಹೋದವರು ಯಾರದೋ ಬಂಗಲೆಯ ತೋಟದಲ್ಲಿ ಕೆಂಪು-ಬಿಳಿ ಮಚ್ಚೆಯ ಮೀನು ನೋಡಿ ಮರುಳಾದರು. ಜಪಾನಿನ ಜಾತಿ ಎಂದು ಮಾಲಿ ಹೇಳಿದನಂತೆ. ಅವನನ್ನು ಕಾಡಿ ಬೇಡಿ, ಬಿಸ್ಕೀಟಿನ ಡಬ್ಬಿಯಲ್ಲಿ ಏಳು ಮರಿ ಹಾಕಿಕೊಂಡು ರೈಲು ಹತ್ತಿದರು. ಮಿರಜಿನಲ್ಲಿ ಗಾಡಿ ಬದಲಿಸುವಾಗ ನೀರೂ ಬದಲಿಸಿದರು. ನಮ್ಮ ಮನೆ ಮುಟ್ಟಿದ್ದು ನಾಲ್ಕು.

ಬಾವಿಕಟ್ಟೆಯಲ್ಲಿ ನೀರು ತುಂಬಿಡುವ ಕಲ್ಲಿನ ದೋಣಿಯಲ್ಲಿ ಬಿಟ್ಟೆವು. ಅಂಬಕ್ಕ ಗೋಡೆಯ ಮೇಲಿಂದ ಇಣುಕಿ, ಇವನ್ನು ಸಾರು ಮಾಡುತ್ತೀರೇನು ಎಂದು ಕೇಳಿದರು. ಇಲ್ಲ, ನೋಡಲಿಕ್ಕೆ ಅಂದೆ. ನೋಡಲಿಕ್ಕೆ ಯಾರಾದರೂ ಮೀನು ಸಾಕುತ್ತಾರೆಯೆ? ಅವರು ನಂಬಲಿಲ್ಲ.

ಮೇಸ್ತ್ರಿ ಒಬ್ಬ ಸಿಮೆಂಟಿನ ಹೊಂಡ ಕಟ್ಟಿಕೊಟ್ಟ. ನಮ್ಮ ಕಪ್ಪು ಎರಿ ಮಣ್ಣು ನಿಮಗೆ ಗೊತ್ತಲ್ಲ. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಅಂಗೈ ಹೋಗುವಷ್ಟು ಬಾಯಿ ಬಿಡುತ್ತದೆ. ಶಿವರಾತ್ರಿಗೆ ಕಟ್ಟಿದ ಹೊಂಡ ಯುಗಾದಿಗೆ ಸೀಳಿತು. ನೀರು ಎಲ್ಲಿ ಹೋಯಿತೋ ಪತ್ತೆಯಿಲ್ಲ. ಮೀನು ಮತ್ತೆ ದೋಣಿಗೆ.

ಆಗ ಬಂದವರು ಯಮನಪ್ಪ. ರೈಲ್ವೆ ಗ್ಯಾಂಗಿನಲ್ಲಿ ದುಡಿದು ರಿಟೈರ್ ಆದವರು. ಅವರ ಹಿರಿಯರು ಕೆರೆ ಏರಿ ರಿಪೇರಿ ಮಾಡುತ್ತಿದ್ದವರಂತೆ. ಸಿಮೆಂಟು ಒಡೆದು ತೆಗೆದರು. ಕರಿ ಮಣ್ಣು ಆಳು ಉದ್ದ ಅಗೆದು ಹೊರಗೆ ಹಾಕಿದರು. ತಳಕ್ಕೆ ಹರಳುಗಲ್ಲಿನ ಗರಸು ಬಡಿದು, ಮೇಲೆ ಜಿಗಿ ಮಣ್ಣು ಹಾಸಿ, ಎಂಟು ದಿನ ಬರಿಗಾಲಲ್ಲಿ ತುಳಿದರು. ಸುತ್ತ ಸುಣ್ಣದ ಗಚ್ಚಿನಲ್ಲಿ ಕಲ್ಲು ಕಟ್ಟಿದರು. ಮೀನು ಬಿಡೋಣವೆ ಎಂದು ನಮ್ಮವರು ದಿನಾ ಕೇಳುವುದು. ಸುಣ್ಣದ ಖಾರ ಇಳಿಯಲಿ ಎಂದು ಅವರು ತಡೆಯುವುದು. ಮೂರು ಸಲ ನೀರು ತುಂಬಿಸಿ ಮೂರು ಸಲ ಚೆಲ್ಲಿಸಿದರು. (ನಮ್ಮ ಬಾವಿಯ ನೀರು ಸವಳು, ಕುಡಿಯಲಿಕ್ಕೆ ಬರುವುದಿಲ್ಲ. ಆದ್ದರಿಂದ ನೀರು ಹಾಳುಮಾಡಿದೆವೆಂದು ನನ್ನ ಮೇಲೆ ಸಿಟ್ಟಾಗಬೇಡಿ.) ಆಮೇಲೆ ಮಿಶ್ರಿಕೋಟಿಯಲ್ಲಿ ಮಗಳ ಮನೆಗೆ ಹೋದವರು, ಅಲ್ಲಿಯ ಕೆರೆಯಿಂದ ತಾವರೆ ಗಡ್ಡೆ ಕಿತ್ತು, ಹಸಿ ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ತಂದರು.

ಆ ವರ್ಷದಿಂದಲೇ ಹೂ ಬಂತು. ಹೂವಿನ ಹಿಂದೆ ಅಂಬಕ್ಕನೂ ಬಂದರು. ಮೀನಿನ ಮಾತು ನಿಂತಿತು. ದಿನಾ ಬೆಳಿಗ್ಗೆ ತಟ್ಟೆ. ಅವರ ಹಿಂದೆ ಓಣಿಯ ಉಳಿದವರೂ. ನಾನು ಎಲ್ಲರಿಗೂ ಕೊಟ್ಟೆ.

ಯಮನಪ್ಪನವರ ಮಂದಿ ಬಹಳ ವರ್ಷದ ಹಿಂದೆಯೇ ಬುದ್ಧನ ದಾರಿ ಹಿಡಿದವರು. ಊರು ಮಾತ್ರ ಅವರನ್ನು ಹಳೆಯ ಜಾತಿಯ ಹೆಸರಿನಿಂದಲೇ ಗುರುತು ಹಿಡಿಯುತ್ತದೆ. ಹೊಂಡ ಕಟ್ಟಿದ್ದು ಅವರೇ ಎಂಬುದು ಅಂಬಕ್ಕನಿಗೆ ಗೊತ್ತಿರಲಿಲ್ಲವೆ? ಗೋಡೆಯ ಮೇಲಿಂದ ಎಂಟೂ ದಿನ ನೋಡಿದ್ದರಲ್ಲ! ಅವತ್ತು ನಾನು ಅದನ್ನೇ ಕೇಳಿದೆ. "ಕಟ್ಟೂದು ಬ್ಯಾರೆ ಅಕ್ಕೋರ," ಅಂದರು. "ಈಗ ನೀರಾಗ ನಿಂತಾನ."

ಎರಡು ವರ್ಷ ಆ ನೀರಿನಲ್ಲಿ ಕಪ್ಪೆ ಇತ್ತು, ಮೀನಿನ ಹೊಲಸಿತ್ತು, ಕಾಗೆ ಬಂದು ಮಿಂದು ಹೋಗುತ್ತಿತ್ತು. ದೇವರು ಒಂದು ದಿನವಾದರೂ ತಕರಾರು ಮಾಡಿದ್ದನೆ?

ನಾನು ತಿರುಗಿ ನೋಡುವಷ್ಟರಲ್ಲಿ ಯಮನಪ್ಪ ನೀರಿನಿಂದ ಮೇಲೆ ಬಂದು, ಕುಡಗೋಲು ತೊಳೆದು, ಹಿತ್ತಲ ಬಾಗಿಲಿನಿಂದ ಹೊರಟುಹೋಗಿದ್ದರು. ಕೊಯ್ದ ಬೇರು ಅರ್ಧ ನೀರಿನಲ್ಲೇ ಉಳಿದಿತ್ತು.

ಗುರುವಾರ ಅಂಬಕ್ಕನ ಯಜಮಾನರು ಬಂದರು. ಸರ್ಕಾರಿ ನೌಕರಿ ಮಾಡಿ ಪೆನ್ಷನ್ ಪಡೆಯುತ್ತಿರುವವರು. (ಹೋದ ಆಗಸ್ಟ್ ಹದಿನೈದಕ್ಕೆ ನಮ್ಮ ಸಾಲಿಗೆ ಬಂದು, ನಾವೆಲ್ಲ ಒಬ್ಬ ತಾಯಿಯ ಮಕ್ಕಳು ಎಂದು ಅರ್ಧ ಗಂಟೆ ಭಾಷಣ ಮಾಡಿದ್ದರು.) ಚಹಾ ಕುಡಿದರು. ತಾವೇನೂ ಹಳೇ ಕಾಲದವರಲ್ಲ ಎಂದರು. ಮುಂದಿನ ಸೋಮವಾರ ಗುಡಿಯಲ್ಲಿ ಅಭಿಷೇಕವಿದೆ, ತಾವರೆ ಬೇಕು, ಅದಕ್ಕೊಂದು ಸುಲಭದ ದಾರಿಯಿದೆ ಎಂದರು. ಹೊಂಡದ ನೀರು ಪೂರಾ ತೆಗೆಯುವುದು, ಗೋಮೂತ್ರ ಸಿಂಪಡಿಸುವುದು, ಹೊಸ ನೀರು ತುಂಬುವುದು. ಇನ್ನು ಮೇಲೆ ಬೇರು ಕೊಯ್ಯಲಿಕ್ಕೆ ಬೇರೆ ಆಳು ನೋಡುವುದು. ಅಷ್ಟೇ.

ಮೀನು ಏನು ಮಾಡಲಿ ಎಂದು ಕೇಳಿದೆ. ಒಂದು ದಿವಸ ದೋಣಿಯಲ್ಲಿ ಇರಲಿ ಎಂದರು. ಅವೂ ಅದೇ ನೀರಿನಲ್ಲಿ ಇದ್ದವಲ್ಲ, ಅವಕ್ಕೂ ಗೋಮೂತ್ರ ಹಾಕಬೇಕೆ ಎಂದೆ. ಅವರು ನಕ್ಕರು. ನಾನು ನಗಲಿಲ್ಲ.

"ಹೊಂಡ ಖಾಲಿ ಆಗೂದಿಲ್ರಿ," ಅಂದೆ. "ಹೂ ಬೇಕಂದ್ರ ಬರ್ರಿ. ಬ್ಯಾಡಂದ್ರ ಬಿಡ್ರಿ."

ಅವರು ಹೋದ ಮೇಲೆ ನಮ್ಮವರು ಮೆಲ್ಲಗೆ ಶುರು ಮಾಡಿದರು. ಹೇಗೂ ಒಮ್ಮೆ ನೀರು ಬದಲಿಸಬೇಕಿತ್ತು, ಬದಲಿಸಿದರೆ ನಮ್ಮದೇನು ಹೋಗುತ್ತದೆ, ದಿನಾ ಮುಖ ನೋಡಬೇಕಾದ ಮಂದಿ. ಯಮನಪ್ಪನ ಮುಖ ದಿನಾ ನೋಡಬೇಕಾಗಿಲ್ಲ, ಅದಕ್ಕಾಗಿಯೇನು ಎಂದು ಕೇಳಿದೆ. ಅವರು ಎದ್ದು ಮೀನಿಗೆ ಹಿಟ್ಟು ಹಾಕಲು ಹೋದರು.

ಶುಕ್ರವಾರ ಸಾಲಿ ಬಿಟ್ಟ ಮೇಲೆ ಯಮನಪ್ಪನವರ ಮನೆಗೆ ಹೋದೆ. ರೈಲ್ವೆ ಗೇಟು ದಾಟಿದರೆ ಹತ್ತು ನಿಮಿಷದ ದಾರಿ. ಹನ್ನೊಂದು ವರ್ಷದಿಂದ ಈ ಊರಿನಲ್ಲಿದ್ದೇನೆ. ಅದೇ ಮೊದಲ ಸಲ.

ನಾನು ತಪ್ಪಾಯಿತು ಅನ್ನುವ ಮೊದಲೇ ಅವರು ಮೀನಿನ ಮಾತು ತೆಗೆದರು. ಕೊಯ್ದ ಬೇರು ನೀರಿನಲ್ಲೇ ಕೊಳೆತರೆ ಮೀನು ಉಳಿಯುವುದಿಲ್ಲ, ನಾಳೆಯೇ ಯಾರಿಂದಲಾದರೂ ತೆಗೆಸಿ ಎಂದರು. ಯಾರಿಂದಲಾದರೂ ಅಲ್ಲ, ನೀನೇ ಬರಬೇಕು ಎಂದೆ. (ವಯಸ್ಸಿನಲ್ಲಿ ನನಗಿಂತ ಹದಿನೈದು ವರ್ಷ ಹಿರಿಯರು. ಬರೆಯುವಾಗ ಬಹುವಚನ ತಾನಾಗಿ ಬರುತ್ತದೆ, ಎದುರಿಗೆ ಬರುವುದಿಲ್ಲ. ಅದನ್ನೂ ಅವತ್ತೇ ಗಮನಿಸಿದೆ.)

ಅವರು ಬರುತ್ತೇನೆಂದು ತಲೆಯಾಡಿಸಿ, ನಾಳೆ ಹುಣ್ಣಿಮೆ, ನಮ್ಮ ಓಣಿಯಲ್ಲಿ ಬುದ್ಧನ ಪೂಜೆಗೆ ಎಲ್ಲರೂ ಕೂಡುತ್ತೇವೆ ಎಂದರು.

"ನಿಮ್ಮ ಹೊಂಡದಾಗಿನ ಒಂದೆರಡು ತಾವರಿ ಸಿಕ್ಕಾವೇನ್ರಿ ಅಕ್ಕೋರ? ಆಗೂದಿಲ್ಲಂದ್ರೂ ನಡೀತದ."

ಎರಡು ವರ್ಷ ಯಾಕೆ ಕೇಳಲಿಲ್ಲ ಎಂದೆ.

"ನೀವು ಒಯ್ಯಿ ಅನಲಿಲ್ಲ. ನಾ ಕೇಳಲಿಲ್ಲ."

ಅಂಬಕ್ಕನ ಮೇಲೆ ನಾಲ್ಕು ದಿನದಿಂದ ಕುದಿಯುತ್ತಿದ್ದ ನನಗೆ, ಅಲ್ಲಿ ಕೂತಲ್ಲೇ ಕೂಡಲಾಗಲಿಲ್ಲ. ಮಣ್ಣು ತುಳಿದವರಿಗೆ ಒಂದು ಹೂವು ಬೇಕಾದೀತು ಎಂದು ನನಗೆ ಹೊಳೆದೇ ಇರಲಿಲ್ಲ. ತಟ್ಟೆ ಹಿಡಿದು ಬಂದವರಿಗೆಲ್ಲ ಕೊಟ್ಟು ದೊಡ್ಡವಳಾಗಿದ್ದೆ.

ಶನಿವಾರ ಬಿಸಿಲೇರಿದ ಮೇಲೆ ಯಮನಪ್ಪ ಬಂದು ನೀರಿಗಿಳಿದರು. ಒಂದು ಮೀನು ಬೇರಿನಲ್ಲಿ ಸಿಕ್ಕಿಕೊಂಡು ಒದ್ದಾಡುವುದು ಕಂಡಿತು. ಕಟ್ಟೆಯ ಮೇಲೆ ಕೂತಿದ್ದ ನಮ್ಮವರು ಪ್ಯಾಂಟು ಮಡಚಿದವರೇ ಹೊಂಡಕ್ಕೆ ಇಳಿದರು. ಇಬ್ಬರೂ ಸೇರಿ ಬಿಡಿಸಿದರು. ಆಮೇಲೂ ನಮ್ಮವರು ಮೇಲೆ ಬರಲಿಲ್ಲ, ಬೇರು ಎಳೆಯುತ್ತ ಮಧ್ಯಾಹ್ನದವರೆಗೆ ಅಲ್ಲೇ ಇದ್ದರು. ಮೀನಿನ ಮೋಹವೋ, ಮನಸ್ಸು ತಿರುಗಿತೋ, ನಾನು ಕೇಳಲಿಲ್ಲ. ಗೋಡೆಯಾಚೆ ಅಂಬಕ್ಕನ ಸೆರಗು ಮಾತ್ರ ಕಂಡಿತು.

ಅರಳಿದ ಹೂವನ್ನೆಲ್ಲ ಬುಟ್ಟಿಗೆ ತುಂಬಿ ನಾನೇ ಎತ್ತಿಕೊಂಡೆ. ದೊಡ್ಡ ರಸ್ತೆಯಲ್ಲಿಯೇ ನಡೆದು, ಗೇಟು ದಾಟಿ, ಯಮನಪ್ಪನವರ ಓಣಿಗೆ ಮುಟ್ಟಿಸಿದೆ. ಅಲ್ಲಿ ಚಹಾ ಕುಡಿದೆ. ಇದು ದೊಡ್ಡ ಸಾಹಸವೇನಲ್ಲ. ಎರಡು ವರ್ಷ ತಡವಾದ ಕೆಲಸ.

ಇನ್ನು ಸೋಮವಾರದ ಅಭಿಷೇಕ? ಅದೇನೂ ನಿಲ್ಲಲಿಲ್ಲ. ಅಂಬಕ್ಕನ ಯಜಮಾನರು ಮೊದಲನೇ ಬಸ್ಸಿಗೆ ಹುಬ್ಬಳ್ಳಿಗೆ ಹೋಗಿ, ಮಾರ್ಕೆಟ್ಟಿನಿಂದ ಒಂದು ದೊಡ್ಡ ಹೊರೆ ತಾವರೆ ತಂದರು. ಶುದ್ಧವಾದ ಹೂವು ಎಂದು ಓಣಿಯೆಲ್ಲ ಕೈಮುಗಿಯಿತು.

ಅವನ್ನು ಯಾವ ಕೆರೆಗೆ ಯಾರು ಇಳಿದು ಕಿತ್ತರು ಎಂದು ಅಂಗಡಿಯವನನ್ನು ಕೇಳಿದ್ದರೇನು?